ಅರಮನೆಗೆ ನೀರು ಎಲ್ಲಿಂದ ಬಂತು?



ಫ್ರಾನ್ಸಿನ ಹೆಸರಾಂತ ಕಟ್ಟಡಗಳ ಬಗ್ಗೆ, ರಾಜರ ಅರಮನೆಗಳಿಂದ ಹಿಡಿದು ಈ ಕಾಲದ ಗಾಜು-ಉಕ್ಕಿನ ಕಟ್ಟಡಗಳವರೆಗೆ, ಇವತ್ತು ನಾಲ್ಕು ಮಾತು ಆಡಬೇಕಾಗಿದೆ. ನಾನಿರುವುದು ಕೊಳಾರದಲ್ಲಿ. ಬೀದರಿನಿಂದ ಹುಮನಾಬಾದ ರಸ್ತೆ ಹಿಡಿದು ನೌಬಾದ ದಾಟಿದ ಮೇಲೆ ಕಾರ್ಖಾನೆಗಳ ತಗಡಿನ ಸೂರುಗಳು ಕಾಣತೊಡಗುತ್ತವಲ್ಲ, ಅದೇ ನಮ್ಮ ಕೊಳಾರದ ಕೈಗಾರಿಕಾ ಪ್ರದೇಶ. ಇಲ್ಲಿ ಕೂತವನಿಗೂ ಪ್ಯಾರಿಸಿಗೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಇದೆ. ಮುನ್ನೂರೈವತ್ತು ವರ್ಷಗಳ ಹಿಂದೆಯೇ ಪ್ಯಾರಿಸಿನ ಒಬ್ಬಾತ ಬೀದರಿಗೆ ಬಂದು, ನೋಡಿ, ಬರೆದಿಟ್ಟು ಹೋಗಿದ್ದಾನೆ.

ಅವನ ಹೆಸರು ಝಾಂ ದ ತೆವನೋ. 1633ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವನು, ಕೈಯಲ್ಲಿ ಕಾಸಿದ್ದವನು, ಊರೂರು ನೋಡುವ ಹುಚ್ಚಿನವನು. 1666ರ ಆರಂಭಕ್ಕೆ ಸೂರತ್ತಿನಲ್ಲಿಳಿದು ಒಂದು ವರ್ಷ ದಖ್ಖನ್ನನ್ನು ಸುತ್ತಿದ. ಗೋಲ್ಕೊಂಡ ಕಂಡ, ಬೀದರ ಕಂಡ. ಔರಂಗಜೇಬ 1657ರಲ್ಲಿ ಮುತ್ತಿಗೆ ಹಾಕಿ ಬೀದರನ್ನು ಬಿಜಾಪುರದವರ ಕೈಯಿಂದ ಕಿತ್ತುಕೊಂಡಿದ್ದ. ತೆವನೋ ಬರುವ ಹೊತ್ತಿಗೆ ಹತ್ತು ವರ್ಷವೂ ತುಂಬಿತ್ತೋ ಇಲ್ಲವೋ. ಹಾಗಾಗಿ ಅವನು ಕಂಡದ್ದು ಕಾವಲಿನ ಊರು. ಮೂರು ಸಾವಿರ ಸೈನಿಕರು, ಅರ್ಧ ಕುದುರೆಯವರು, ಅರ್ಧ ಕಾಲಾಳು. ಏಳುನೂರು ಜನ ತೋಪು ಹಾರಿಸುವವರು. ಮೂರಡಿ ಅಗಲದ ಬಾಯಿಯ ತೋಪುಗಳು. ಇವನ್ನೆಲ್ಲ ಲೆಕ್ಕ ಹಾಕಿ ಬರೆದ. ಪಟ್ಟಣದ ಗೋಡೆ ಇಟ್ಟಿಗೆಯದು ಎಂದೂ ಬರೆದ. ಇಲ್ಲಿನದು ಬಹುಪಾಲು ಕಲ್ಲಿನ ಕೆಲಸ. ನಮ್ಮ ಕೆಂಪು ಕಲ್ಲಿನ ಬಣ್ಣ ಕಂಡು ಹಾಗಂದುಕೊಂಡನೋ, ಗೋಡೆಯ ಮೇಲಿನ ತೆನೆಗಳನ್ನು ಕಂಡು ಬರೆದನೋ. ಊರಿಗೆ ಮರಳುವ ದಾರಿಯಲ್ಲಿ, 1667ರ ನವೆಂಬರಿನಲ್ಲಿ, ಪರ್ಷಿಯಾದಲ್ಲಿ ತೀರಿಕೊಂಡ. ವಯಸ್ಸು ಮೂವತ್ತನಾಲ್ಕು.

ಅವನು ಬಿಟ್ಟು ಬಂದ ಪ್ಯಾರಿಸಿನಲ್ಲಿ ಆಗ ಏನು ನಡೆದಿತ್ತು? ಹದಿನಾಲ್ಕನೆಯ ಲೂಯಿ ಕಟ್ಟಿಸುವ ಹುರುಪಿನಲ್ಲಿದ್ದ. ಅದೇ 1667ರಲ್ಲಿ ಲೂವ್ರ್ ಅರಮನೆಯ ಪೂರ್ವದ ಮುಖಕ್ಕೆ ಜೋಡಿ ಕಂಬಗಳ ಸಾಲು ಏಳತೊಡಗಿತು. ಲೂವ್ರ್ ಮೊದಲು ಅರಮನೆಯಲ್ಲ, ಕೋಟೆ. ಹನ್ನೆರಡನೆಯ ಶತಮಾನದ ಕೊನೆಗೆ ಕಂದಕ ತೋಡಿ ಕಟ್ಟಿದ್ದು. ಆ ಕಂದಕದ ಗೋಡೆಗಳನ್ನು ಈಗಲೂ ನೆಲಮಾಳಿಗೆಯಲ್ಲಿ ತೋರಿಸುತ್ತಾರೆ. ಪ್ಯಾರಿಸಿನ ಹೊರಗೆ ವರ್ಸಾಯ್‌ನಲ್ಲಿ ಲೂಯಿಯ ಅಪ್ಪ ಬೇಟೆಗೆಂದು ಕಟ್ಟಿಸಿದ ಸಣ್ಣ ಮನೆಯಿತ್ತು. ಮಗ 1661ರಿಂದ ಅದನ್ನು ಬೆಳೆಸುತ್ತ ಹೋಗಿ, 1682ರಲ್ಲಿ ಇಡೀ ದರಬಾರನ್ನೇ ಅಲ್ಲಿಗೆ ಎತ್ತಿಕೊಂಡು ಹೋದ. ಲ ವೋ, ಆರ್ದುವಾಂ-ಮಾನ್ಸಾರ್ ಎಂಬ ಶಿಲ್ಪಿಗಳು ಕಟ್ಟಿದರು, ಲ ನೋತ್ರ್ ತೋಟ ಹಾಕಿದ. ಅಲ್ಲಿನ ಕನ್ನಡಿ ಮಹಲಿನ ಹೆಸರು ನೀವು ಕೇಳಿರುತ್ತೀರಿ. ಒಂದು ಬದಿಗೆ ಹದಿನೇಳು ಕಮಾನು ಕಿಟಕಿ, ಎದುರು ಬದಿಗೆ ಹದಿನೇಳು ಕನ್ನಡಿ ಕಮಾನು, ಎಲ್ಲ ಸೇರಿ 357 ಕನ್ನಡಿ. ಕನ್ನಡಿ ಆಗ ಬೆಳ್ಳಿಯಷ್ಟೇ ದೊಡ್ಡಸ್ತಿಕೆಯ ಸಾಮಾನು.

ಇದನ್ನೆಲ್ಲ ಪುಸ್ತಕಗಳು ಚೆನ್ನಾಗಿಯೇ ಹೇಳುತ್ತವೆ. ನನಗೆ ಬೇರೆಯದೇ ಕುತೂಹಲ. ಯಾವ ಅರಮನೆ ಕಂಡರೂ ನಾನು ಮೊದಲು ಹುಡುಕುವುದು ಅದರ ನೀರನ್ನು. ಮಳೆ ಕೈಕೊಟ್ಟ ವರ್ಷ ಕೊಡಗಳ ಸಾಲಿನಲ್ಲಿ ನಿಂತು ಬೆಳೆದ ಸೀಮೆಯವರಿಗೆ ಇದು ಹುಟ್ಟುಗುಣ ಅನ್ನಿ. ಗೋಡೆಯ ಮೇಲಿನ ಚಿನ್ನ ರಾಜನ ಖಜಾನೆಯನ್ನು ಹೇಳುತ್ತದೆ. ನೀರು ಬಂದ ದಾರಿ ನೋಡಿದರೆ, ಕಟ್ಟಿದವನಿಗೆ ತನ್ನ ನೆಲ ಎಷ್ಟು ಗೊತ್ತಿತ್ತು ಎಂಬುದು ತಿಳಿಯುತ್ತದೆ.

ಈ ಪರೀಕ್ಷೆಯಲ್ಲಿ ವರ್ಸಾಯ್ ಸೋತಿತು. ಲೂಯಿ ಆರಿಸಿಕೊಂಡ ಜಾಗದಲ್ಲಿ ಜೌಗು ಇತ್ತು, ಹರಿಯುವ ಒಳ್ಳೆಯ ನೀರು ಇರಲಿಲ್ಲ. ಕಾರಂಜಿಗಳೋ ನೂರಾರು, ಒಟ್ಟಿಗೆ ಚಿಮ್ಮಿಸುವಷ್ಟು ನೀರು ಯಾವತ್ತೂ ಕೂಡಿಬರಲಿಲ್ಲ. ರಾಜ ತೋಟದಲ್ಲಿ ನಡೆದು ಬರುವಾಗ ನೀರಿನ ಆಳುಗಳು ಸಿಳ್ಳೆ ಹೊಡೆದು ಮುಂದಿನವನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಅವನು ಬರುವಷ್ಟರಲ್ಲಿ ಮುಂದಿನ ಕಾರಂಜಿ ತೆರೆಯಬೇಕು, ದಾಟಿದ ಕೂಡಲೇ ಹಿಂದಿನದನ್ನು ಮುಚ್ಚಬೇಕು. ಜಗತ್ತೇ ತಲೆಬಾಗುವ ದೊರೆಗೆ ಅವನದೇ ಆಳುಗಳು ಆಡಿದ ಈ ನಾಟಕ ನೆನೆದರೆ ನನಗಂತೂ ನಗು ಬರುತ್ತದೆ. ಕೊನೆಗೆ ಸೇನ್ ನದಿಗೇ ಕೈಹಾಕಿದರು. ಮಾರ್ಲಿ ಎಂಬಲ್ಲಿ 14 ಭಾರಿ ನೀರುಚಕ್ರ, 200ಕ್ಕೂ ಹೆಚ್ಚು ಪಂಪು ಕೂಡಿಸಿ, 1684ರ ಹೊತ್ತಿಗೆ ನದಿಯ ನೀರನ್ನು 150 ಮೀಟರಿಗೂ ಮೇಲಕ್ಕೆ ತಳ್ಳಿದರು. ಅದರ ಗದ್ದಲ ಸುತ್ತಲಿನ ಹಳ್ಳಿಗಳ ನಿದ್ದೆ ಕೆಡಿಸಿತ್ತು. ಅದೂ ಸಾಲಲಿಲ್ಲ. ದೂರದ ಯೂರ್ ನದಿಯನ್ನು ತರುತ್ತೇವೆಂದು ಸಾವಿರಾರು ಸೈನಿಕರನ್ನು ಕಾಲುವೆಯ ಕೆಲಸಕ್ಕೆ ಹಚ್ಚಿದರು. ರೋಗ ಬಂದು ಅನೇಕರು ಸತ್ತರು. ಯುದ್ಧ ಬಂತು, ಕೆಲಸ ನಿಂತಿತು. ಮಾಂತೆನೋನ್ ಎಂಬ ಊರಿನಲ್ಲಿ ಆ ಮೇಲ್ಗಾಲುವೆಯ ಕಮಾನುಗಳು ಅರ್ಧಕ್ಕೆ ನಿಂತಿವೆ.

ಈಗ ನೌಬಾದಕ್ಕೆ ಬನ್ನಿ. ಲೂಯಿಗಿಂತ ಇನ್ನೂರು ವರ್ಷ ಹಿಂದೆ ಹೋಗಬೇಕು.

ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ. 1432ರ ಹೊತ್ತಿಗೆ ಕೋಟೆಯ ಕೆಲಸ ಮುಗಿಯಿತು. ಊರು ಕೂತಿರುವುದು ಎತ್ತರದ ಕೆಂಪು ಬಯಲಿನ ಅಂಚಿನಲ್ಲಿ. ಪುಸ್ತಕದಲ್ಲಿ ಇದಕ್ಕೆ ಜಂಬಿಟ್ಟಿಗೆ ಕಲ್ಲು ಅನ್ನುತ್ತಾರೆ, ಬಾಯಿಮಾತಿನಲ್ಲಿ ಬರೀ ಕೆಂಪು ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ, ಮೈತುಂಬ ತೂತಿರುವ ಕಲ್ಲು. ಇದರ ಕೆಳಗಿರುವುದು ಕರಿಗಲ್ಲು. ಭಾಲ್ಕಿ, ಔರಾದ ಕಡೆ ಇಳಿದರೆ ಈ ಕೆಂಪು ಹೊದಿಕೆ ಹೋಗಿ ಬಹಳಷ್ಟು ಕಡೆ ಕರಿಗಲ್ಲೇ ಮೇಲೆ ಬರುತ್ತದೆ, ಅದರ ಮೇಲೆ ಎರೆಮಣ್ಣು. ಬೀದರಿನಲ್ಲಿ ಮಳೆ ಬಿದ್ದರೆ ನೀರು ಕೆಂಪು ಕಲ್ಲಿನ ತೂತುಗಳಿಂದ ಇಳಿದು, ಕೆಳಗಿನ ಕರಿಗಲ್ಲನ್ನು ದಾಟಲಾಗದೆ ಅಲ್ಲೇ ನಿಲ್ಲುತ್ತದೆ. ಪರಾತದ ಮೇಲೆ ಜರಡಿ ಇಟ್ಟು ನೀರು ಹೊಯ್ದ ಹಾಗೆ. ನಿಂತ ನೀರು ಬಯಲಿನ ಅಂಚಿನಲ್ಲಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಝರಿಯಾಗಿ ಹೊರಬೀಳುತ್ತದೆ. ಝರಣಿ ನರಸಿಂಹನ ಗವಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರನ್ನು ಕಾಣುವುದು, ಪಾಪನಾಶದ ನೀರು, ಗುರು ನಾನಕರು ಬಂದರೆಂದು ನಂಬುವ ನಾನಕ ಝೀರಾದ ಸಿಹಿನೀರು, ಎಲ್ಲವೂ ಈ ಎರಡು ಕಲ್ಲು ಕೂಡುವ ಗೆರೆಯ ಕೊಡುಗೆ. ಭಕ್ತಿಯ ಕತೆ ಭಕ್ತಿಯದು, ಕಲ್ಲಿನ ಕತೆ ಕಲ್ಲಿನದು. ಎರಡಕ್ಕೂ ಜಗಳವಿಲ್ಲ.

ಬಹಮನಿಗಳ ಜೊತೆ ಪರ್ಷಿಯಾ ಕಡೆಯ ಜನ ಬಂದಿದ್ದರು. ಒಣ ಸೀಮೆಯವರಾದ ಅವರು ನೆಲದೊಳಗಿನ ನೀರನ್ನು ಹುಡುಕಿ ತರುವ ವಿದ್ಯೆ ಬಲ್ಲವರು. ಅದೇ ಕಾರೇಜ್, ನಮ್ಮವರ ಬಾಯಲ್ಲಿ ಸುರಂಗ ಬಾವಿ. ಎತ್ತರದ ಜಾಗದಲ್ಲಿ ನೀರಿನ ಮಟ್ಟದವರೆಗೆ ಒಂದು ತಾಯಿಬಾವಿ ತೋಡಬೇಕು. ಅಲ್ಲಿಂದ ಊರಿನ ಕಡೆಗೆ ಕಂಡೂ ಕಾಣದಷ್ಟು ಇಳಿಜಾರಾಗಿ ಸುರಂಗ ಕೊರೆಯಬೇಕು. ನಡುನಡುವೆ ಮೇಲಿನಿಂದ ಬಾವಿಗಳನ್ನು ಇಳಿಸಬೇಕು: ಮಣ್ಣು ಎತ್ತಲಿಕ್ಕೆ, ಒಳಗಿನವರಿಗೆ ಗಾಳಿ ಬೆಳಕಿಗೆ, ಮುಂದೆ ಹೂಳು ತೆಗೆಯಲಿಕ್ಕೆ. ಇಳಿಜಾರು ಹೆಚ್ಚಾದರೆ ನೀರು ರಭಸಕ್ಕೆ ಸುರಂಗವನ್ನೇ ಕೊರೆದು ಕೆಡಿಸುತ್ತದೆ, ಕಡಿಮೆಯಾದರೆ ನಿಂತು ಕೊಳೆಯುತ್ತದೆ. ನೌಬಾದದ ಸುರಂಗ ಎರಡು ಕಿಲೋಮೀಟರಿಗೂ ಉದ್ದ. ಗಾಳಿಬಾವಿಗಳು 20ಕ್ಕೂ ಮೇಲೆ. ಚಕ್ರವಿಲ್ಲ, ಪಂಪಿಲ್ಲ, ಸದ್ದಿಲ್ಲ. ಬಿಸಿಲಿಗೆ ಆರಿಹೋಗುವ ಭಯವೂ ಇಲ್ಲ, ಯಾಕೆಂದರೆ ನೀರು ಬಿಸಿಲನ್ನು ನೋಡುವುದೇ ಸುರಂಗದ ಬಾಯಿಗೆ ಬಂದ ಮೇಲೆ. ಊರೊಳಗಿನ ಜಮ್ನಾ ಮೋರಿ, ಶುಕ್ಲ ತೀರ್ಥದ ಸುರಂಗ ಕೂಡ ಇದೇ ಮನೆತನದವು. ಮಾರ್ಲಿಯ ಯಂತ್ರ ಆ ಕಾಲದ ಯುರೋಪಿನ ಅಚ್ಚರಿ ಎಂದು ಹೆಸರಾಯಿತು. ನೌಬಾದದ ಸುರಂಗದ ಶಿಲ್ಪಿಯ ಹೆಸರನ್ನೂ ಯಾರೂ ಬರೆದಿಡಲಿಲ್ಲ. ತೆವನೋ ಈ ಊರಿನ ತೋಪುಗಳ ಬಾಯಿ ಅಳೆದ. ಅವನ ಕಾಲಡಿಯಲ್ಲಿ ನೀರು ಹರಿಯುತ್ತಿತ್ತು.

ಕೋಟೆಯಲ್ಲೂ ಅದರೊಳಗಿನ ಅರಮನೆಗಳಲ್ಲೂ ಇದೇ ಜಾಣತನ ಇದೆ. ಮೊದಲು ದಕ್ಷಿಣದ ಕಂದಕವನ್ನೇ ನೋಡಿ. ಬಂಡೆಯನ್ನು ಕಡಿಯುವಾಗ ನಡುವೆ ಎರಡು ಗೋಡೆ ಉಳಿಸಿ, ಒಂದರ ಪಕ್ಕ ಒಂದರಂತೆ ಮೂರು ಕಂದಕ ಮಾಡಿದ್ದಾರೆ. ಹಗೆಯ ಸೈನಿಕ ಒಂದನ್ನು ಹತ್ತಿಳಿದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಎದುರಿಗೆ. ಕೋಟೆಗೆ 37 ಕೊತ್ತಳ, ಏಳು ಬಾಗಿಲು. 1503ರ ಶರ್ಜಾ ದರವಾಜದ ಮೇಲೆ ಹುಲಿಗಳ ಕೆತ್ತನೆ. ಒಳಗೆ ಸೋಲಾ ಖಂಬ ಮಸೀದಿ. ಸುಮಾರು 300 ಅಡಿ ಉದ್ದದ ಈ ಕಟ್ಟಡದಲ್ಲಿ ಸಿಕ್ಕ ಶಾಸನ 1423-24ರದು. ಅಲಂಕಾರ ಕಡಿಮೆ, ದಪ್ಪ ದುಂಡನೆಯ ಕಂಬಗಳು ಸಾಲುಸಾಲು. ಮಧ್ಯಾಹ್ನದ ಬಿಸಿಲಿಗೆ ಬೀದರಿನಲ್ಲಿ ಇದಕ್ಕಿಂತ ತಂಪಾದ ಜಾಗ ಹುಡುಕುವುದು ಕಷ್ಟ. ತಖ್ತ್ ಮಹಲ್ ಬಹಮನಿಗಳ ಸಿಂಹಾಸನದ ಅರಮನೆ. ಭಾರಿ ಕಮಾನು, ಗೋಡೆಯ ಹೆಂಚಿನ ಮೇಲೆ ಸಿಂಹ ಮತ್ತು ಉದಯಸೂರ್ಯ. ನಿಜಾಮರ ಕಾಲದ ಪುರಾತತ್ವ ಇಲಾಖೆಯ ಮುಖ್ಯಸ್ಥ ಗುಲಾಮ್ ಯಜ್ದಾನಿಯವರು ಇಲ್ಲಿನ ಮಣ್ಣಿನ ದಿಬ್ಬಗಳನ್ನು ಸರಿಸಿ ಅಂಗಳ, ಹೊಂಡ, ಕಾಲುವೆಗಳನ್ನು ಬೆಳಕಿಗೆ ತರದಿದ್ದರೆ ನಮಗೆ ಇವೆಲ್ಲ ಕಾಣುತ್ತಲೇ ಇರಲಿಲ್ಲ. 1947ರಲ್ಲಿ ಅಚ್ಚಾದ ಅವರ ಬೀದರಿನ ಪುಸ್ತಕ ಇಂದಿಗೂ ಈ ಊರಿನ ಕಟ್ಟಡಗಳ ಬಗ್ಗೆ ಮಾತಾಡುವವರ ಕೈಕೋಲು.

ಎಲ್ಲವನ್ನೂ ನೋಡುವಷ್ಟು ಹೊತ್ತಿಲ್ಲ ಅನ್ನುವವರಿಗೆ ನಾನು ಒಂದೇ ಮಹಲನ್ನು ತೋರಿಸುತ್ತೇನೆ: ರಂಗೀನ್ ಮಹಲ್. ಗುಂಬದ್ ದರವಾಜದ ಹತ್ತಿರ, ಹೊರಗಿನಿಂದ ನೋಡಿದರೆ ಏನೂ ಇಲ್ಲ ಅನ್ನಿಸುವ ಕಟ್ಟಡ. ಬಹಮನಿ ರಾಜ್ಯ ಐದು ತುಂಡಾಗಿ, ಬೀದರ ಸಣ್ಣ ಬರೀದಶಾಹಿಯ ಪಾಲಿಗೆ ಬಂದ ಕಾಲದ್ದು. ಅಲಿ ಬರೀದ್ 1542ರ ಸುಮಾರಿಗೆ ಪಟ್ಟಕ್ಕೆ ಬಂದು 1580ರವರೆಗೆ ಆಳಿದ. ಅವನಿಗೆ ದೊಡ್ಡ ರಾಜ್ಯ ಇರಲಿಲ್ಲ, ದೊಡ್ಡ ಖಜಾನೆ ಇರಲಿಲ್ಲ. ನಾಲ್ಕೂ ಕಡೆ ದೊಡ್ಡ ನೆಂಟರಂಥ ವೈರಿಗಳು. ಅಂಥವನು ದೊಡ್ಡದಾಗಿ ಕಟ್ಟುವ ಆಸೆಯನ್ನು ಬಿಟ್ಟು ಸಣ್ಣ ಕೋಣೆಗಳಿಗೆ ಜೀವ ಸುರಿದ. ಹೊರ ಪಡಸಾಲೆಯಲ್ಲಿ ಕೆತ್ತಿದ ಮರದ ಕಂಬಗಳು; ಅವುಗಳ ಬೋದಿಗೆ ನೋಡಿದರೆ ನಮ್ಮ ಗುಡಿಗಳ ಬಡಗಿಯ ಕೈ ಗುರುತಾಗುತ್ತದೆ. ಬಾಗಿಲ ಸುತ್ತ ಬಣ್ಣದ ಹೆಂಚಿನ ಚೂರುಗಳ ಕೆಲಸ. ಒಳಕೋಣೆಗೆ ಹೋದರೆ ಕಡುಕಪ್ಪು ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು: ಬಳ್ಳಿ, ಹೂ, ಪರ್ಷಿಯನ್ ಅಕ್ಷರ. ಕತ್ತಲಲ್ಲಿ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ, ಬಾಗಿಲ ಬೆಳಕು ಓರೆಯಾಗಿ ಬಿದ್ದ ಕಡೆ, ಒಂದೊಂದೇ ಎಸಳು ನಸುಗುಲಾಬಿಯಾಗಿ ಹೊಳೆಯುತ್ತದೆ, ತಲೆ ಸ್ವಲ್ಪ ಆಚೆ ಸರಿಸಿದರೆ ಹಸಿರಾಗುತ್ತದೆ.

ಕಪ್ಪು ಮೈಮೇಲೆ ಬಿಳಿಯ ಮಿಂಚು. ಬೀದರಿನವರಿಗೆ ಇದು ಹೊಸದಲ್ಲ. ನಮ್ಮ ಬಿದರಿ ಕೆಲಸವೂ ಇದೇ ರುಚಿಯದು: ಸತು-ತಾಮ್ರದ ಅಚ್ಚಿನಲ್ಲಿ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಮೈ ಕಪ್ಪು ಮಾಡಿ, ಬೆಳ್ಳಿಯನ್ನು ಮಾತ್ರ ಹೊಳೆಯಲು ಬಿಡುವುದು. ಕಲ್ಲಿನವನು ಲೋಹದವನಿಂದ ಕಲಿತನೋ, ಲೋಹದವನು ಕಲ್ಲಿನವನಿಂದ ಕಲಿತನೋ, ಇಬ್ಬರೂ ಒಂದೇ ಗಲ್ಲಿಯಲ್ಲಿದ್ದವರು ಎಂದು ನನ್ನ ಊಹೆ. ವರ್ಸಾಯ್‌ನ ಕನ್ನಡಿ ಮಹಲಿನಲ್ಲಿ ರಾಜ ತನ್ನನ್ನೇ ನೂರು ಸಲ ನೋಡಿಕೊಳ್ಳಬಹುದಿತ್ತು. ರಂಗೀನ್ ಮಹಲಿನಲ್ಲಿ ರಾಜ ಗೋಡೆಯನ್ನು ನೋಡಬೇಕು. ನನ್ನನ್ನು ಕೇಳಿದರೆ ಎರಡನೆಯದೇ ಮೇಲು. ಬೀದರಿನವನು ಇನ್ನೇನು ಹೇಳಿಯಾನು ಅನ್ನುತ್ತೀರಿ, ಅನ್ನಿ. ಕೋಟೆಯ ಅರಮನೆಗಳಿಗೆಲ್ಲ ಬಾವಿಗಳಿಂದ ಎತ್ತು ಕಟ್ಟಿ ಎತ್ತಿದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. ಗಾರೆ ಉದುರಿದ ಕಡೆ ಗೋಡೆಯ ಹೊಟ್ಟೆಯಲ್ಲಿ ಆ ಕೊಳವೆಗಳ ತುಂಡು ಕಾಣುತ್ತವೆ. ಮಾರ್ಗದರ್ಶಕರು ಚಿಪ್ಪಿನ ಹೂ ತೋರಿಸುತ್ತಾರೆ, ಕೊಳವೆ ತೋರಿಸುವುದಿಲ್ಲ. ನೀವೇ ಹುಡುಕಿಕೊಳ್ಳಬೇಕು.

ಕೋಟೆಯ ಹೊರಗೆ ಮಹಮೂದ್ ಗವಾನನ ಮದರಸಾ. ಗವಾನ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದವನು. 1472ರಲ್ಲಿ ಮುಗಿದ ಈ ಕಟ್ಟಡ ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ವಿದ್ಯಾರ್ಥಿಗಳಿಗೆ 36 ಕೋಣೆ, ಮೂರು ಸಾವಿರ ಹಸ್ತಪ್ರತಿಗಳ ಪುಸ್ತಕಾಲಯ, 131 ಅಡಿಯ ಮಿನಾರು. ಅಂದರೆ ಈ ಊರಿನ ಅತಿ ದೊಡ್ಡ ಹೆಂಚಿನ ಅಲಂಕಾರ ಸಿಂಹಾಸನಕ್ಕಲ್ಲ, ಓದುವ ಹುಡುಗರಿಗೆ ಸಂದಿದ್ದು. ಗವಾನನನ್ನು 1481ರಲ್ಲಿ ಸುಳ್ಳು ಕಾಗದವೊಂದರ ನೆಪದಲ್ಲಿ ಸುಲ್ತಾನನೇ ಕೊಲ್ಲಿಸಿದ; ಗೋರಿ ಗೋರನಳ್ಳಿಯಲ್ಲಿದೆ, ತೀರ ಸಾದಾ. ಮೊಗಲರು ಮದರಸಾದಲ್ಲಿ ಮದ್ದು ತುಂಬಿಟ್ಟರು, 1696ರಲ್ಲಿ ಸಿಡಿಲು ಬಡಿದು ಮುಂಭಾಗದ ಅರ್ಧ ಮತ್ತು ಒಂದು ಮಿನಾರು ಹಾರಿಹೋದವು. ಊರ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟಕ್ಕೂ 1882ರಲ್ಲಿ ಸಿಡಿಲು ಹೊಡೆದು ಅದು ನಡುವೆ ಸೀಳಿ ನಿಂತಿದೆ. ಇವುಗಳನ್ನು ಮತ್ತೆ ಪೂರ್ತಿ ಕಟ್ಟಬೇಕೆಂಬ ಮಾತು ಆಗಾಗ ಕೇಳುತ್ತೇವೆ. ಪ್ಯಾರಿಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲಿನಲ್ಲಿ ಸುಟ್ಟಾಗ ಅವರು ಓಕ್ ಮರದ ಮಾಡು, ಶಿಖರ ಎಲ್ಲವನ್ನೂ ಇದ್ದ ಹಾಗೇ ಮತ್ತೆ ಕಟ್ಟಿ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಅದು ದಿನವೂ ಪೂಜೆ ನಡೆಯುವ ಮನೆ, ಅವರಿಗೆ ಬೇಕಿತ್ತು. ಹುಮಾಯೂನನ ಗುಮ್ಮಟವನ್ನು ಮಾತ್ರ ಸೀಳಿದ ಹಾಗೇ ಬಿಡಿ ಅನ್ನುತ್ತೇನೆ. ಗುಮ್ಮಟದ ದಪ್ಪವೆಷ್ಟು, ಕಮಾನಿನ ಮೇಲೆ ಅದು ಹೇಗೆ ಕೂರುತ್ತದೆ ಎಂದು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಹಳೆಯ ಬೀದರಿನಿಂದ ಹೊರಡುವ ಮೊದಲು ಇನ್ನೊಂದು ಫ್ರೆಂಚ್ ಎಳೆ. 1751ರಲ್ಲಿ ಸಲಾಬತ್ ಜಂಗನನ್ನು ಹೈದರಾಬಾದಿನ ಗದ್ದುಗೆಗೆ ಕೂರಿಸಿದವನು ಫ್ರೆಂಚ್ ಸೇನಾನಿ ಬುಸ್ಸಿ. ಹನ್ನೊಂದು ವರ್ಷದ ಮೇಲೆ ಸಲಾಬತ್ ಜಂಗನನ್ನು ಅವನ ತಮ್ಮ ನಿಜಾಮ್ ಅಲಿ ಇಳಿಸಿ ಬೀದರ ಕೋಟೆಯಲ್ಲಿ ಸೆರೆಯಿಟ್ಟ. 1763ರಲ್ಲಿ ಅವನ ಜೀವ ಹೋದದ್ದೂ ಇದೇ ಕೋಟೆಯಲ್ಲೇ. ಅರಮನೆ ಸೆರೆಮನೆಯಾಗಲು ಬಾಗಿಲ ಚಿಲಕವನ್ನು ಹೊರಗೆ ಹಾಕಿದರೆ ಸಾಕು.

ಇನ್ನು ಹೊಸ ಕಾಲದ ಕಟ್ಟಡಗಳು. ಇಲ್ಲಿಯೂ ನೀರಿನ ಮಾತೇ. ಇಪ್ಪತ್ತನೆಯ ಶತಮಾನದ ಫ್ರೆಂಚ್ ವಾಸ್ತುವಿನಲ್ಲಿ ಎಲ್ಲರೂ ಹೇಳುವ ಹೆಸರು ಲ ಕಾರ್ಬೂಸಿಯೆ; ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ 1930ರಲ್ಲಿ ಫ್ರಾನ್ಸಿನ ಪ್ರಜೆಯಾದವನು, ನಮಗೆ ಚಂಡೀಗಢದಿಂದ ಪರಿಚಿತ. ಪ್ಯಾರಿಸಿನ ಹತ್ತಿರ ಪ್ವಾಸಿಯಲ್ಲಿ ಅವನು ಕಟ್ಟಿದ ವಿಲ್ಲಾ ಸವಾಯ್ 1931ರ ಹೊತ್ತಿಗೆ ಸಿದ್ಧವಾಯಿತು. ಸಪೂರ ಕಂಬಗಳ ಮೇಲೆ ತೇಲುವ ಬಿಳಿ ಪೆಟ್ಟಿಗೆ, ಉದ್ದಕ್ಕೂ ಕಿಟಕಿ, ಮೇಲೆ ಸಪಾಟು ಛಾವಣಿ, ಅದರಲ್ಲಿ ತೋಟ. ವಾಸ್ತುಶಿಲ್ಪ ಓದುವವರು ಇದನ್ನು ನೋಡದೆ ಪರೀಕ್ಷೆ ದಾಟುವುದಿಲ್ಲ. ಆದರೆ ಛಾವಣಿ ಸೋರುತ್ತಿತ್ತು. ಮನೆಯೊಡತಿ ವರ್ಷಗಟ್ಟಲೆ ಶಿಲ್ಪಿಗೆ ಪತ್ರ ಬರೆದಳು: ಪಡಸಾಲೆಯಲ್ಲಿ ಮಳೆ, ಇಳಿಜಾರು ದಾರಿಯಲ್ಲಿ ಮಳೆ, ಬಚ್ಚಲಿನಲ್ಲೂ ಮಳೆ. ಜಗತ್ತಿಗೆ ಹೊಸ ಮನೆ ಹೇಗಿರಬೇಕೆಂದು ತೋರಿಸಿದ ಮನೆಯೊಳಗೆ ಬಕೆಟ್ ಇಡಬೇಕಾಯಿತು. ಬೀದರಿನಲ್ಲಿ ನಾವು ಈಗ ಕಟ್ಟುವ ಮನೆಗಳೆಲ್ಲ ಆ ಸಪಾಟು ಛಾವಣಿಯ ಮೊಮ್ಮಕ್ಕಳೇ. ಆಷಾಢದಲ್ಲಿ ಬಿರುಕಿಗೆ ಡಾಂಬರು ಬಳಿಯುವವರಿಗೆ ಆ ಒಡತಿಯ ಸಂಕಟ ಬೇರೆ ಹೇಳಬೇಕಿಲ್ಲ.

ಆದರೂ ಆ ಶಿಲ್ಪಿಯಿಂದ ನಮ್ಮ ರಾಜ್ಯಕ್ಕೆ ಒಳ್ಳೆಯದೊಂದು ಬಂತು. 1951ರಿಂದ 1954ರವರೆಗೆ ಪ್ಯಾರಿಸಿನಲ್ಲಿ ಅವನ ಕೈಕೆಳಗೆ ದುಡಿದ ಬಾಲಕೃಷ್ಣ ದೋಶಿ ಮುಂದೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕ್ಯಾಂಪಸ್ ಕಟ್ಟಿದರು. ಗುರುವಿನ ಬಿಳಿ ಪೆಟ್ಟಿಗೆಯನ್ನು ಅವರು ನಕಲು ಮಾಡಲಿಲ್ಲ. ಬೆಂಗಳೂರಿನ ನೆಲದ ಬೂದು ಕಣಶಿಲೆಯನ್ನು ಒರಟಾಗಿಯೇ ಗೋಡೆಗೆ ಇಟ್ಟರು, ಉದ್ದುದ್ದ ಓಣಿಗಳ ಮೇಲೆ ಅಲ್ಲಲ್ಲಿ ಆಕಾಶ ಬಿಟ್ಟರು, ಅಂಗಳ ತಂದರು, ಬಳ್ಳಿ ಹಬ್ಬಿಸಿದರು. ದೋಶಿಯವರಿಗೆ 2018ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಬೀದರಿನ ಕೆಂಪು ಕಲ್ಲಿನಲ್ಲಿ ಹಾಗೆ ಯೋಚಿಸಿ ಕಟ್ಟುವ ಒಬ್ಬ ಶಿಲ್ಪಿ ನಮಗೆ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಹೊಟ್ಟೆಕಿಚ್ಚು.

ಪ್ಯಾರಿಸಿನ ಇನ್ನೊಂದು ಹೊಸ ಕಟ್ಟಡ ಪಾಂಪಿಡೂ ಕೇಂದ್ರ, 1977ರಲ್ಲಿ ತೆರೆದದ್ದು. ರೆನ್ಜೊ ಪಿಯಾನೊ, ರಿಚರ್ಡ್ ರಾಜರ್ಸ್ ಎಂಬ ಇಬ್ಬರು ಯುವಕರು ಕಟ್ಟಡದ ಕರುಳನ್ನೆಲ್ಲ ಹೊರಗೆ ಎಳೆದು ತೂಗುಹಾಕಿದರು. ನೀರಿನ ಕೊಳವೆಗೆ ಹಸಿರು, ಗಾಳಿಗೆ ನೀಲಿ, ವಿದ್ಯುತ್ತಿಗೆ ಹಳದಿ, ಜನ ಓಡಾಡುವ ಏಣಿ-ಲಿಫ್ಟುಗಳಿಗೆ ಕೆಂಪು. ಒಳಗೆ ಕಂಬವಿಲ್ಲದ ದೊಡ್ಡ ಬಯಲು. ಪ್ಯಾರಿಸಿನವರು ಮೊದಲು ಇದನ್ನು ಎಣ್ಣೆ ಕಾರ್ಖಾನೆ ಎಂದು ಬೈದರು. 1989ರಲ್ಲಿ ಲೂವ್ರ್ ಅಂಗಳದಲ್ಲಿ ಐ. ಎಂ. ಪೇಯ ಗಾಜಿನ ಪಿರಮಿಡ್ ಎದ್ದಾಗಲೂ ಹೀಗೆಯೇ ಬೈದಿದ್ದರು. ಈಗ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಾಂಪಿಡೂ ಕೇಂದ್ರ 2025ರಲ್ಲಿ ದೊಡ್ಡ ದುರಸ್ತಿಗೆಂದು ಬಾಗಿಲು ಹಾಕಿದೆ. ಕರುಳು ಹೊರಗಿದ್ದರೆ ಮಳೆಗೂ ಬಿಸಿಲಿಗೂ ಮೊದಲು ಅದೇ ಸಿಗುತ್ತದೆ.

ಒಳಗಿದ್ದದ್ದು ಹೊರಗೆ ಕಾಣುವ ಆ ಕಟ್ಟಡವನ್ನು ನೆನೆದಾಗ ನನಗೆ ಭಾಲ್ಕಿ ನೆನಪಾಗುತ್ತದೆ, ತದ್ವಿರುದ್ಧ ಕಾರಣಕ್ಕೆ. ನಿಜಾಮರ ಆಡಳಿತದಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಗೋಡೆ ಒಂದು ಮಾತಾಡಿತು, ಕೋಣೆ ಇನ್ನೊಂದು. ನಮ್ಮ ಔರಾದ, ಕಮಲನಗರ, ಭಾಲ್ಕಿ ಕಡೆಯ ಹಿರಿಯರ ತಲೆಮಾರು ಕನ್ನಡ ಅಕ್ಷರ ಕಂಡದ್ದು ಇಂಥ ಕೋಣೆಗಳಲ್ಲಿ. ವಾಸ್ತುಶಿಲ್ಪದ ಯಾವ ಪುಸ್ತಕವೂ ಆ ಕೋಣೆಗಳ ನಕ್ಷೆ ಕೊಡುವುದಿಲ್ಲ. ನಾನಂತೂ ಅವನ್ನು ಈ ಜಿಲ್ಲೆಯ ದೊಡ್ಡ ಕಟ್ಟಡಗಳ ಪಟ್ಟಿಗೆ ಸೇರಿಸುತ್ತೇನೆ.

ಈಗ ಜಿಲ್ಲೆಯಲ್ಲಿ ಏಳುತ್ತಿರುವ ದೊಡ್ಡ ಕಟ್ಟಡ ಬಸವಕಲ್ಯಾಣದ ಹೊಸ ಅನುಭವ ಮಂಟಪ. 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಏಳೂವರೆ ಎಕರೆ ಜಾಗ, ಆರು ಅಂತಸ್ತು, 770 ಅಮರಗಣಂಗಳೆಂಬ ಶರಣರ ನೆನಪಿಗೆ 770 ಕಂಬ ಎಂಬುದು ಯೋಜನೆ. ಇಷ್ಟು ದೊಡ್ಡ ಸೂರಿನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಹಳೆಯ ಪ್ರಶ್ನೆಯನ್ನು ಅಲ್ಲಿಯೂ ಕೇಳುವವನಿದ್ದೇನೆ.

ಅದಕ್ಕಿಂತ ಮೊದಲು ನಮ್ಮ ಕೊಳಾರಕ್ಕೇ ಕೇಳಬೇಕು. ಬೀದರಿನ ಆಧುನಿಕ ವಾಸ್ತು ಅಂದರೆ ಹೆಚ್ಚಾಗಿ ಈ ಕಾರ್ಖಾನೆಯ ಸೂರುಗಳೇ: ಉಕ್ಕಿನ ತೊಲೆ, ಏರಿಳಿವಿನ ತಗಡು. ಇವುಗಳ ಚೆಲುವಿನ ಬಗ್ಗೆ ನಾನು ತಕರಾರು ತೆಗೆಯುವುದಿಲ್ಲ, ಕೆಲಸದ ಮನೆ ಕೆಲಸದ ಮನೆಯಂತೆ ಇದ್ದರೆ ಸಾಕು. ಲೆಕ್ಕ ಮಾತ್ರ ನೋಡಿ. ಈ ಸೀಮೆಯಲ್ಲಿ ವರ್ಷಕ್ಕೆ 800 ಮಿಲಿಮೀಟರು ಮಳೆ ಬಿತ್ತು ಅನ್ನೋಣ. ಸಾವಿರ ಚದರ ಮೀಟರಿನ ಒಂದು ಸೂರಿನ ಮೇಲೆ ಬೀಳುವ ನೀರು ಎಂಟು ಲಕ್ಷ ಲೀಟರು. ಸೋರಿದ್ದು, ಆರಿದ್ದು ಕಳೆದರೂ ಆರು ಲಕ್ಷಕ್ಕೆ ಮೋಸವಿಲ್ಲ. ಸೂರಿನ ಕೆಳಗೆ ಕೊಳವೆಬಾವಿ ಪಾತಾಳ ಮುಟ್ಟಲು ಹೋಗುತ್ತದೆ. ಸೂರಿನ ಮೇಲಿನ ನೀರು ಮೋರಿಗೆ ಇಳಿದು, ಕಾರ್ಖಾನೆಯ ಹೊಲಸನ್ನೂ ಕೂಡಿಸಿಕೊಂಡು ಹಳ್ಳ ಸೇರುತ್ತದೆ.

ಕೊಳಾರದಿಂದ ಸ್ವಲ್ಪ ದೂರದಲ್ಲೇ ನೌಬಾದದ ಗಾಳಿಬಾವಿಗಳಿವೆ. ಕೆಲವಕ್ಕೆ ಕಟ್ಟೆ ಕಟ್ಟಿ ಜಾಳಿಗೆ ಹಾಕಿದ್ದಾರೆ, ಹೂಳೆತ್ತುವ ಕೆಲಸವೂ ಈಚಿನ ವರ್ಷಗಳಲ್ಲಿ ಒಂದಷ್ಟು ನಡೆದಿದೆ. ಕೆಲವು ಬಾವಿ ಕಸ ತುಂಬಿ ಗುರುತು ಸಿಗದಂತಾಗಿವೆ. ಆ ಸುರಂಗ ಬದುಕಬೇಕಾದರೆ ಮೇಲಿನ ಕೆಂಪು ನೆಲ ಮಳೆ ಕುಡಿಯಬೇಕು. ಕೆಂಪು ನೆಲದ ಮೇಲೆ ನಾವು ಕಾಂಕ್ರೀಟು ಹೊದಿಸುತ್ತ ಹೋದಷ್ಟೂ ಅದಕ್ಕೆ ನೀರು ಕಡಿಮೆ. ಕೊಳಾರದ ಒಂದೊಂದು ಕಾರ್ಖಾನೆಯೂ ತನ್ನ ಸೂರಿನ ಶುದ್ಧ ಮಳೆನೀರನ್ನು ಮೋರಿಯಿಂದ ಬೇರೆ ಮಾಡಿ, ಸೋಸಿ, ಇಂಗುಗುಂಡಿಗೆ ಬಿಡಬಹುದು. ಅದಕ್ಕೆ ಬೇಕಾದ್ದು ಒಂದು ಕೊಳವೆ, ಒಂದು ಗುಂಡಿ, ಒಂದಿಷ್ಟು ಜಲ್ಲಿ ಮರಳು. ಆ ಕೊಳವೆಗೆ ಪಾಂಪಿಡೂನವರ ಹಾಗೆ ಹಸಿರು ಬಣ್ಣ ಬಳಿದರೆ ಇನ್ನೂ ಒಳ್ಳೆಯದು. ರಸ್ತೆಯಲ್ಲಿ ಹೋಗುವವರಿಗೆ ಯಾವ ಕಾರ್ಖಾನೆಗೆ ಇದೆ, ಯಾವುದಕ್ಕೆ ಇಲ್ಲ ಎಂದು ಬಸ್ಸಿನ ಕಿಟಕಿಯಿಂದಲೇ ತಿಳಿಯುತ್ತದೆ.